ಪೈಥಾನ್ ಪುರಾಣವೂ ಮೂರು ವಿಷಲ್ಲೂ

ಐವತ್ತನೇ ವಯಸ್ಸಿನಲ್ಲಿ ನಾನು ಹೆಬ್ಬಾವು ಕಲಿಯುತ್ತಿದ್ದೇನೆ ಎಂಬ ಸುದ್ದಿಯನ್ನು ಅಪಾರ್ಟ್‌ಮೆಂಟಿಗೆಲ್ಲ ಹಬ್ಬಿಸಿದವಳು ನಮ್ಮಮ್ಮ. ಕೊಪ್ಪದ ಮಳೆ ತಡೆಯಲಾರದೆ ಜೂನ್ ಹೊತ್ತಿಗೆ ವೈಟ್‌ಫೀಲ್ಡಿನ ನಮ್ಮ ಫ್ಲಾಟಿಗೆ ಬಂದು, ನವರಾತ್ರಿಗೆ ವಾಪಸು ಹೋಗುವುದು ಅವಳ ವಾಡಿಕೆ. ಲಿಫ್ಟಿನಲ್ಲಿ ಸಿಕ್ಕ ಮೂರನೇ ಮಹಡಿಯ ಹೆಂಗಸಿನ ಹತ್ತಿರ, “ನನ್ ಮಗನಿಗೆ ಆಫೀಸಲ್ಲಿ ಹೆಬ್ಬಾವು ಕಲಿ ಅಂದಿದಾರಂತೆ. ಕಲೀದಿದ್ರೆ ಕೆಲಸ ಇಲ್ವಂತೆ. ಈ ವಯಸ್ಸಲ್ಲಿ ಎಂತ ಕರ್ಮ ನೋಡಿ” ಎಂದಳಂತೆ. ಆಕೆ ಲಿಫ್ಟಿನ ಗೋಡೆಗೆ ಅಂಟಿಕೊಂಡು ನಿಂತರಂತೆ.

ತಪ್ಪು ಅಮ್ಮನದಲ್ಲ. ಪೈಥಾನ್ ಅಂದರೆ ಎಂತದು ಎಂದು ಅವಳು ಕೇಳಿದಾಗ, ಕಂಪ್ಯೂಟರ್ ಭಾಷೆ ಎಂದಷ್ಟೇ ಹೇಳಿ ಸುಮ್ಮನಾಗಬೇಕಿತ್ತು. ನನಗೊಂದು ಚಟ. ಯಾವ ಕೆಲಸ ಬರುವುದಿಲ್ಲವೋ ಆ ಕೆಲಸದ ಹೆಸರಿನ ಮೂಲ ಹುಡುಕುತ್ತ ಕೂರುತ್ತೇನೆ. ಈಜು ಬಾರದವನು ಹೊಳೆಯ ಸ್ಥಳಪುರಾಣ ಹೇಳಿದ ಹಾಗೆ. ಹೆಂಡತಿಗೆ ಇದು ಮದುವೆಯಾದ ವರ್ಷದಿಂದಲೇ ಗೊತ್ತು. ಬಚ್ಚಲಿನ ಗೀಸರ್ ಕೆಟ್ಟಾಗ, ‘ಗೀಸರ್’ ಎನ್ನುವುದು ಐಸ್‌ಲ್ಯಾಂಡಿನ ಒಂದು ಬಿಸಿನೀರಿನ ಬುಗ್ಗೆಯ ಹೆಸರು ಎಂದು ನಾನು ವಿವರಿಸಿದ್ದೆ. ಆ ವಾರವಿಡೀ ಮನೆಮಂದಿಯೆಲ್ಲ ತಣ್ಣೀರು ಮಿಂದಿದ್ದರು.

ಇದೆಲ್ಲ ಶುರುವಾದದ್ದು ಏಪ್ರಿಲ್‌ನಲ್ಲಿ. ಆಫೀಸಿನ ಎಚ್‌ಆರ್ ಹುಡುಗಿ, ನನ್ನ ಮಗಳಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳಿರಬೇಕು, ಕೂರಿಸಿ ಕಾಫಿ ಕೊಟ್ಟು, “ಸರ್, ನೀವು ಪೈಥಾನ್ ಕಲಿತರೆ ಇಲ್ಲಿ ದೊಡ್ಡ ಬದಲಾವಣೆ ಆಗುತ್ತೆ” ಎಂದಳು. ಖುಷಿಯಿಂದ ಮನೆಗೆ ಬಂದೆ. ಬದಲಾವಣೆ ಯಾರಿಗೆ, ಎಂಥದ್ದು ಎಂದು ಕೇಳಬೇಕೆನ್ನಿಸಲಿಲ್ಲ.

ಎರಡೂವರೆ ಸಾವಿರ ವರ್ಷದ ಹಿಂದೆ ಲಿಡಿಯಾದ ರಾಜ ಕ್ರೀಸಸ್‌ಗೂ ಅನ್ನಿಸಿರಲಿಲ್ಲ. ಪರ್ಷಿಯದ ಮೇಲೆ ದಂಡೆತ್ತಿ ಹೋಗಲೋ ಬೇಡವೋ ಎಂದು ಅವನು ಗ್ರೀಸಿನ ಡೆಲ್ಫಿ ಎಂಬ ಊರಿನ ಅಪೊಲೊ ದೇವಸ್ಥಾನಕ್ಕೆ ಆಳು ಕಳಿಸಿ ಕೇಳಿಸಿದ. ಅಲ್ಲಿ ಪಿಥಿಯಾ ಎಂಬ ಅರ್ಚಕಿ ಮೂರು ಕಾಲಿನ ಪೀಠದ ಮೇಲೆ ಕೂತು, ಮೈಮೇಲೆ ದೇವರು ಬಂದಾಗ ಅಪ್ಪಣೆ ಕೊಡುತ್ತಿದ್ದಳು. ಹೋದರೆ ಒಂದು ದೊಡ್ಡ ರಾಜ್ಯ ಮಣ್ಣುಮುಕ್ಕುತ್ತದೆ ಎಂದು ಅಪ್ಪಣೆಯಾಯಿತು. ಕ್ರೀಸಸ್ ಹೋದ. ಮಣ್ಣುಮುಕ್ಕಿದ್ದು ಅವನದೇ ರಾಜ್ಯ. ಹೆರೊಡೋಟಸ್ ಬರೆದಿಟ್ಟ ಈ ಕಥೆಯನ್ನು ಎಚ್‌ಆರ್‌ನವರ ತರಬೇತಿಯಲ್ಲಿ ಪಾಠಕ್ಕೆ ಇಟ್ಟಿದ್ದಾರೆಂದು ನನ್ನ ಗುಮಾನಿ.

ಡೆಲ್ಫಿಗೂ ನನಗೂ ಹಳೆಯ ಸಂಬಂಧ. ಗ್ರೀಸಿನ ಡೆಲ್ಫಿಯಲ್ಲ. 1995ರಲ್ಲಿ ಬೋರ್ಲ್ಯಾಂಡ್ ಕಂಪನಿ ಪಾಸ್ಕಲ್ ಭಾಷೆಗೆ ಹೊಸ ಅಂಗಿ ತೊಡಿಸಿ ‘ಡೆಲ್ಫಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಹೆಸರಿನ ಹಿಂದೆ ಒಂದು ಕೀಟಲೆಯಿತ್ತು. ಆಗ ದೊಡ್ಡ ಡೇಟಾಬೇಸ್ ಎಂದರೆ ಒರಾಕಲ್. ಒರಾಕಲ್ ಎಂದರೆ ದೇವವಾಣಿ. ದೇವವಾಣಿಯ ಹತ್ತಿರ ಮಾತಾಡಬೇಕೆಂದರೆ ಡೆಲ್ಫಿಗೆ ಹೋಗಲೇಬೇಕಲ್ಲ! ನಾನು 1999ರಲ್ಲಿ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯ ಶೀಟಿನ ಛಾವಣಿಯ ಕೆಳಗೆ, ಪಕ್ಕದಲ್ಲಿ ಲೇತ್ ಮಿಷನ್ ಕಿರುಗುಡುತ್ತಿರುವಾಗ, ಡೆಲ್ಫಿಯಲ್ಲಿ ಅವರ ಸ್ಟೋರಿನ ನಟ್ಟು ಬೋಲ್ಟುಗಳ ಲೆಕ್ಕ ಬರೆದುಕೊಟ್ಟೆ. ಆ ಪ್ರೋಗ್ರಾಂ ಇವತ್ತಿಗೂ ಓಡುತ್ತಿದೆ. ಅದರ ಮಾನಿಟರು ಎರಡು ಸಲ ಬದಲಾಯಿತು, ಸ್ಟೋರ್‌ಕೀಪರ್ ರಿಟೈರ್ ಆದರು, ಪೀಣ್ಯದ ನೆತ್ತಿಯ ಮೇಲೆ ಮೆಟ್ರೊ ಬಂತು. ಪ್ರೋಗ್ರಾಂ ಮಾತ್ರ ಅಲ್ಲಾಡಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಕೆಟ್ಟುಹೋಗದ ಕೆಲಸ ಅದೊಂದೇ ಎಂದು ಹೆಂಡತಿಯೂ ಒಪ್ಪುತ್ತಾಳೆ. ಅಟ್ಟದ ಮೇಲಿನ ನೀರಿನ ಪೈಪು ಜೋಡಿಸಿದ್ದನ್ನು ನೆನಪಿಸಿ ಒಪ್ಪುತ್ತಾಳೆ.

ಇಂಥ ಡೆಲ್ಫಿ ಪಂಡಿತನನ್ನು ಪೈಥಾನ್ ಕಲಿ ಎಂದು ಕಳಿಸಿದರು. ಆಗ ಹುಡುಕಿದೆ ನೋಡಿ ಪದದ ಮೂಲ. ಸಿಕ್ಕಿದ್ದು ಕಂಡು ಕುರ್ಚಿಯಿಂದ ಎದ್ದು ನಿಂತೆ. ಪೈಥಾನ್ ಹುಟ್ಟಿ ಬೆಳೆದ ಊರು ಡೆಲ್ಫಿಯೇ!

ರಾತ್ರಿ ಊಟಕ್ಕೆ ಕೂತಾಗ ತಡೆಯಲಾಗದೆ ಶುರು ಮಾಡಿದೆ. “ಗ್ರೀಕರ ಪುರಾಣದಲ್ಲಿ ಡೆಲ್ಫಿ ಅಂತ ಒಂದು ಕ್ಷೇತ್ರ. ಅಲ್ಲಿ ಭೂದೇವಿಯ ಮಗ, ಪೈಥಾನ್ ಅಂತ ಒಂದು ಮಹಾ ಹಾವು…”

“ರಾತ್ರಿ ಹೊತ್ತು ಅದರ ಹೆಸರು ತಗೋಬೇಡ ಅಂತ ಎಷ್ಟು ಸಲ ಹೇಳೂದು?” ಅಮ್ಮ ತಟ್ಟೆಯಿಂದ ಕೈ ಎತ್ತಿದಳು. “ಹುಳ ಅನ್ನು.”

ನಮ್ಮ ಕಡೆ ಪದ್ಧತಿ ಹಾಗೆ. ಹೊತ್ತು ಮುಳುಗಿದ ಮೇಲೆ ಹಾವು ಎನ್ನಬಾರದು, ಕರೆದರೆ ಬರುತ್ತದೆ. ಹುಳ ಎನ್ನಬೇಕು. “ಸರಿ, ಒಂದು ಮಹಾ ಹುಳ” ಎಂದು ತಿದ್ದಿಕೊಂಡು ಮುಂದುವರಿಸಿದೆ. ಆ ಹುಳ ಅಲ್ಲಿನ ಬುಗ್ಗೆಯನ್ನು, ದೇವವಾಣಿಯ ಜಾಗವನ್ನು ಕಾಯುತ್ತಿತ್ತು. ಅಪೊಲೊ ಎಂಬ ದೇವರು, ಕೆಲವರ ಪ್ರಕಾರ ಇನ್ನೂ ತಾಯಿಯ ತೋಳಲ್ಲಿರುವ ಕೂಸು, ಬಾಣ ಬಿಟ್ಟು ಅದನ್ನು ಕೊಂದ. ಹುಳದ ಹೆಣ ಬಿಸಿಲಿಗೆ ಅಲ್ಲೇ ಕೊಳೆಯಿತು. ಗ್ರೀಕಿನಲ್ಲಿ ‘ಪೂಥೈನ್’ ಅಂದರೆ ಕೊಳೆಯುವುದು. ಅದರಿಂದ ಆ ಜಾಗಕ್ಕೆ ಪೈಥೊ ಎಂದು ಹೆಸರು ಬಂತು, ಹುಳಕ್ಕೆ ಪೈಥಾನ್ ಎಂದು, ಅಲ್ಲಿನ ಅರ್ಚಕಿಗೆ ಪಿಥಿಯಾ ಎಂದು.

“ಊಟದ ಹೊತ್ತಲ್ಲಿ ಕೊಳೆತದ್ದೇ ಬೇಕಿತ್ತಾ ನಿಮಗೆ?” ಎಂದಳು ಹೆಂಡತಿ. ಮಂಡ್ಯದವಳು, ಪುರಾಣವನ್ನು ತಡೆದುಕೊಳ್ಳುವ ಶಕ್ತಿ ಕಮ್ಮಿ. “ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿ ನಾಲ್ಕು ದಿನದಿಂದ ಒಂದು ಪೈಥಾನ್ ಐತೆ, ನೀವೇ ತಂದ ಬೀನ್ಸು. ಮೊದಲು ಅದನ್ನ ಎತ್ತಾಕಿ.”

ಅಮ್ಮನಿಗೆ ಮಾತ್ರ ಕಥೆ ಹಿಡಿಸಿತು. ಆದರೆ ಅವಳ ತಕರಾರು ಬೇರೆ. “ಕೊಂದೇ ಬಿಟ್ನಾ? ನಮ್ಮ ಕೃಷ್ಣ ಕಾಳಿಂಗನನ್ನ ಕೊಲ್ಲಲಿಲ್ಲ. ಜಾಗ ಖಾಲಿ ಮಾಡು ಅಂದ, ಅಷ್ಟೆ.” ನಿಜವೇ. ಕಾಳಿಂಗನಿಗೆ ನೋಟಿಸ್ ಪೀರಿಯಡ್ಡಾದರೂ ಸಿಕ್ಕಿತ್ತು. “ಆಮೇಲೆ ಆ ಅಪೊಲೊ ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡ್ಸಿದ್ನಾ?”

ನಗಬೇಡಿ, ಅಮ್ಮ ಹೇಳಿದ್ದೇ ಆಗಿರುವುದು. ಹುಳವನ್ನು ಕೊಂದ ರಕ್ತದೋಷ ಅಪೊಲೊನಿಗೂ ತಗಲಿತು. ಅವನು ಡೆಲ್ಫಿ ಬಿಟ್ಟು ಉತ್ತರದ ಟೆಂಪೆ ಎಂಬ ಕಣಿವೆಗೆ ಹೋಗಿ ಶುದ್ಧಿ ಮಾಡಿಕೊಂಡು, ಲಾರೆಲ್ ಎಲೆಯ ಕಿರೀಟ ಕಟ್ಟಿಕೊಂಡು ವಾಪಸು ಬಂದ. ಸತ್ತ ಹುಳದ ಹೆಸರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪೈಥಿಯನ್ ಆಟಗಳೂ ನಡೆದವು. ಕೊನೆಗೆ ಕೊಂದವನೇ ‘ಪೈಥಿಯನ್ ಅಪೊಲೊ’ ಎನ್ನಿಸಿಕೊಂಡ. ಕೆಲಸ ಕಿತ್ತುಕೊಂಡವನು ಕುರ್ಚಿಯ ಜೊತೆ ಹೆಸರನ್ನೂ ಇಟ್ಟುಕೊಂಡ ಹಾಗೆ. ಆ ಹಂತದಲ್ಲಿ ನನಗೆ ಸಣ್ಣಗೆ ಎದೆ ಡವಗುಟ್ಟಿತು. ಡೆಲ್ಫಿ ಕಾಯುತ್ತ ಕೂತ ಮುದಿ ಹುಳ ಯಾವುದು, ಬಾಣ ಹಿಡಿದ ಕೂಸು ಯಾರು ಎಂದು ಯೋಚಿಸುತ್ತ ಎದುರಿಗೆ ನೋಡಿದರೆ, ಮಗಳು ಮೊಬೈಲಿನಲ್ಲಿ ಏನೋ ಟೈಪ್ ಮಾಡುತ್ತಿದ್ದಳು. ಅವಳು ಹನ್ನೊಂದನೇ ಕ್ಲಾಸು. ಸಿಬಿಎಸ್‌ಇ. ಕಂಪ್ಯೂಟರ್ ಸೈನ್ಸಿನಲ್ಲಿ ಅವಳಿಗೆ ಪಾಠಕ್ಕಿರುವುದೇ ಪೈಥಾನ್.

ಮರುದಿನದಿಂದ ನಾನು ಕಲಿಕೆಗೆ ಕೂತೆ. ಕೂತೆ ಎಂದರೆ, ಹೆಬ್ಬಾವು ಎಂಬ ಪದ ಹೇಗೆ ಬಂತು ಎಂದು ನಿಘಂಟು ತೆಗೆದು ಕೂತೆ. ಇದು ಬಹಳ ಸೊಗಸಾದ ವಿಚಾರ. ಹಳಗನ್ನಡದಲ್ಲಿ ಹಾವು ‘ಪಾವು’. ‘ಪಿರಿದು’ ಅಂದರೆ ದೊಡ್ಡದು. ದೊಡ್ಡ ಪಾವು ‘ಪೆರ್ಬಾವು’. ಆಮೇಲೆ ಕನ್ನಡದ ಬಾಯಲ್ಲಿ ಪಕಾರವೆಲ್ಲ ಹಕಾರವಾಗುತ್ತ, ಪಾಲು ಹಾಲಾಯಿತು, ಪೂವು ಹೂವಾಯಿತು, ಪೆರ್ಬಾವು ಹೆಬ್ಬಾವಾಯಿತು. ಹೆಬ್ಬಾಗಿಲು, ಹೆಬ್ಬೆರಳು, ಹೆದ್ದಾರಿ ಎಲ್ಲ ಒಂದೇ ಬಳಗ. ಗ್ರೀಕ್ ಪೈಥಾನ್ ಸಮಯಕ್ಕೆ ಸರಿಯಾಗಿ ಕನ್ನಡಕ್ಕೆ ಬಂದಿದ್ದರೆ ಇಷ್ಟು ಹೊತ್ತಿಗೆ ‘ಹೈಥಾನ್’ ಆಗಿರುತ್ತಿತ್ತು. ಮಾರತ್ತಹಳ್ಳಿಯ ಪೀಜಿಗಳ ಗೋಡೆಯ ಮೇಲೆ, ಕರೆಂಟು ಕಂಬದ ಮೇಲೆ, ಮೂವತ್ತು ದಿನದಲ್ಲಿ ಹೈಥಾನ್ ಕಲಿಸುತ್ತೇವೆ ಎಂಬ ಚೀಟಿ ಅಂಟಿರುತ್ತಿತ್ತು. ಈ ಸಂಶೋಧನೆಗೆ ಎರಡು ಸಂಜೆ ಹಿಡಿಯಿತು. ಮೂವತ್ತು ದಿನದ ಕೋರ್ಸಿನಲ್ಲಿ ಎರಡು ಕಳೆದವು.

ಮೂರನೇ ಸಂಜೆ ಪ್ರಾಣಿಶಾಸ್ತ್ರಕ್ಕೆ ಕೊಟ್ಟೆ. ಹುಳಗಳ ಒಂದು ಕುಲಕ್ಕೆ ಪುರಾಣದ ಪೈಥಾನ್ ಹೆಸರನ್ನು ಇಟ್ಟವನು ಫ್ರಾನ್ಸಿನ ದೋದ್ಯಾಂ ಎಂಬ ವಿದ್ವಾಂಸ, 1803ರಲ್ಲಿ. ಗ್ರೀಸಿನಲ್ಲಿ ಹೆಬ್ಬಾವೇ ಇಲ್ಲ. ಎಲ್ಲೋ ಸತ್ತ ಹುಳದ ಹೆಸರು ಬನ್ನೇರುಘಟ್ಟದ ಕಾಡಿನಲ್ಲಿ ಸುಮ್ಮನೆ ಮಲಗಿದ್ದ ನಮ್ಮ ಹೆಬ್ಬಾವಿಗೆ ಬಂದು ಅಂಟಿತು. ಸಂಸ್ಕೃತದ್ದು ಇನ್ನೂ ನೇರ: ಅಜಗರ, ಆಡನ್ನು ನುಂಗುವುದು.

ಅಜಗರ ಎಂದ ಕೂಡಲೇ ನಹುಷ ನೆನಪಾದ. ಮಹಾಭಾರತದ ವನಪರ್ವದಲ್ಲಿ ಅಗಸ್ತ್ಯರ ಶಾಪದಿಂದ ಹೆಬ್ಬಾವಾಗಿ ಬಿದ್ದಿದ್ದ ನಹುಷ ಭೀಮನನ್ನು ಸುತ್ತಿಕೊಳ್ಳುತ್ತಾನೆ. ಹತ್ತು ಸಾವಿರ ಆನೆಯ ಬಲದ ಭೀಮನಿಗೆ ಮಿಸುಕಾಡಲಾಗುವುದಿಲ್ಲ. ಹುಡುಕುತ್ತ ಬಂದ ಧರ್ಮರಾಯನಿಗೆ ಹೆಬ್ಬಾವು, ಪ್ರಶ್ನೆಗಳಿಗೆ ಉತ್ತರ ಹೇಳಿದರೆ ತಮ್ಮನನ್ನು ಬಿಡುತ್ತೇನೆ ಎನ್ನುತ್ತದೆ. ಬ್ರಾಹ್ಮಣ ಯಾರು, ತಿಳಿಯಬೇಕಾದದ್ದು ಏನು ಎಂದು ಕೇಳುತ್ತದೆ. ಧರ್ಮರಾಯ ಸರಿಯುತ್ತರ ಕೊಟ್ಟ. ಭೀಮ ಬಿಡುಗಡೆಯಾದ, ನಹುಷನ ಶಾಪವೂ ಹೋಯಿತು. ಇದಕ್ಕಿಂತ ಹಳೆಯ ಪೈಥಾನ್ ಇಂಟರ್‌ವ್ಯೂ ನನಗೆ ಗೊತ್ತಿಲ್ಲ. ಐಟಿಪಿಎಲ್ಲಿನ ಗಾಜಿನ ಕಟ್ಟಡಗಳಲ್ಲಿ ದಿನವೂ ನಡೆಯುವುದು ಇದೇ. ವ್ಯತ್ಯಾಸ ಇಷ್ಟೆ, ಅಲ್ಲಿ ಪ್ರಶ್ನೆ ಕೇಳಿದ ಮೇಲೂ ಸುತ್ತಿಕೊಂಡದ್ದನ್ನು ಬಿಡುವುದಿಲ್ಲ.

ಇಷ್ಟೆಲ್ಲ ಸಾಮಗ್ರಿ ಜೋಡಿಸಿಕೊಂಡು ಭಾನುವಾರ ಬೆಳಿಗ್ಗೆ, ಹಗಲು ಹೊತ್ತು ನೋಡಿ, ದೋಸೆಯ ಜೊತೆ ಮಗಳಿಗೆ ಬಡಿಸಿದೆ. ಡೆಲ್ಫಿಯಿಂದ ಹಿಡಿದು ನಹುಷನವರೆಗೆ. ಅವಳು ಪೂರ್ತಿ ಕೇಳಿದಳು. ಅಷ್ಟು ತಾಳ್ಮೆಯಿಂದ ಅವಳು ಕೇಳುತ್ತಿದ್ದಾಳೆ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು.

“ಅಪ್ಪಾ, ನಿಂಗೆ ಹೇಳೋಕೆ ಬೇಜಾರು. ಆ ಹೆಸರು ಹಾವಿಂದಲ್ಲ.”

“ಮತ್ತೆ?”

“ಕಾಮಿಡಿ ಷೋದ್ದು.”

ನೋಡಿದೆ. ಅವಳು ಹೇಳಿದ್ದೇ ಸರಿ. ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ ಗೀಡೊ ವಾನ್ ರೋಸಮ್ ಎಂಬಾತ 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಹೋಗಲೆಂದು ಈ ಭಾಷೆ ಬರೆಯಲು ಕೂತ. ಆತ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಎಂಬ ಬಿಬಿಸಿಯ ನಗೆನಾಟಕದ ಅಭಿಮಾನಿ. 1969ರಿಂದ 1974ರವರೆಗೆ ಬಂದ ಆ ಕಾರ್ಯಕ್ರಮದ ಹೆಸರಿನ ತುಣುಕನ್ನೇ ಭಾಷೆಗೆ ಇಟ್ಟ. 1991ರ ಫೆಬ್ರುವರಿಯಲ್ಲಿ ಊರಿಗೆ ಹಂಚಿದ. ಎರಡು ಹಾವು ಹೆಣೆದ ಲಾಂಛನ ಆಮೇಲೆ ಬಂದದ್ದು. ನಮ್ಮಲ್ಲಿ ಯಾರೋ ಒಂದು ಕಂಪ್ಯೂಟರ್ ಭಾಷೆ ಬರೆದು, ಕೈಲಾಸಂ ಮೇಲಿನ ಪ್ರೀತಿಗೆ ಅದಕ್ಕೆ ‘ಟೊಳ್ಳುಗಟ್ಟಿ’ ಎಂದು ಹೆಸರಿಟ್ಟರೆ ಹೇಗೋ ಹಾಗೆ. ಆಗ ನನ್ನಂಥವನೊಬ್ಬ ಟೊಳ್ಳು ಯಾವುದು, ಗಟ್ಟಿ ಯಾವುದು ಎಂದು ಧಾತು ಹುಡುಕುತ್ತ ಮೂರು ಸಂಜೆ ಕಳೆಯುತ್ತಿದ್ದ.

“ಅವರು ಕ್ರಿಸ್‌ಮಸ್ ರಜೇಲಿ ಒಂದು ಭಾಷೇನೇ ಬರೆದವ್ರೆ” ಎಂದು ಅಡುಗೆಮನೆಯಿಂದ ದನಿ ಬಂತು. “ನೀವು ದಸರಾ ರಜೇಲಿ ಅಟ್ಟ ಕ್ಲೀನ್ ಮಾಡ್ತೀನಿ ಅಂದಿದ್ರಿ.”

ಅಂತೂ ನಿಜವಾದ ಕಲಿಕೆ ಶುರುವಾಯಿತು. ಮಗಳೇ ಗುರು. ಮೊದಲ ದಿನ ಅವಳು ನನ್ನ ಲ್ಯಾಪ್‌ಟಾಪಿಗೆ ‘ಅನಕೊಂಡ’ ಎಂಬುದನ್ನು ಹಾಕಿಕೊಟ್ಟಳು. ಪೈಥಾನ್ ಮತ್ತು ಅದಕ್ಕೆ ಬೇಕಾದ ಸಾಮಾನುಗಳನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟಿಟ್ಟಿರುವುದಕ್ಕೆ ಆ ಹೆಸರು. “ಹೆಬ್ಬಾವು ಸಾಲದು ಅಂತ ಇದೊಂದು ಬೇರೆಯಾ?” ಎಂದು ಅಮ್ಮ ಕಾಲು ಮೇಲೆತ್ತಿ ಕೂತಳು. ಹೆಂಡತಿ ಮಾತ್ರ, “ಸುಲಭ ಅನ್ಕೊಂಡ, ಬರುತ್ತೆ ಅನ್ಕೊಂಡ, ಈಗ ಅನಕೊಂಡ” ಎಂದು ತನ್ನ ಪಾಡಿಗೆ ಸೊಪ್ಪು ಬಿಡಿಸುತ್ತಿದ್ದಳು.

ಇಪ್ಪತ್ತೈದು ವರ್ಷದ ಅಭ್ಯಾಸ ಬೆರಳಿನಿಂದ ಬಿಡುವುದಿಲ್ಲ. ಡೆಲ್ಫಿಯಲ್ಲಿ ಪ್ರತಿ ವಾಕ್ಯದ ಕೊನೆಗೂ ಸೆಮಿಕೋಲನ್ ಹಾಕಬೇಕು. ಪೈಥಾನಿಗೆ ಬೇಕಿಲ್ಲ. ಹಾಕಿದರೆ ಪೈಥಾನ್ ಸಹಿಸಿಕೊಳ್ಳುತ್ತದೆ, ಮಗಳು ಸಹಿಸಿಕೊಳ್ಳುವುದಿಲ್ಲ. ಡೆಲ್ಫಿಯಲ್ಲಿ ಒಂದು ಕೆಲಸ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಬಾಯಿಬಿಟ್ಟು ಬರೆಯುತ್ತೇವೆ. ಪೈಥಾನಿನಲ್ಲಿ ಹಾಗಿಲ್ಲ, ಸಾಲಿನ ಮುಂದೆ ಎಷ್ಟು ಖಾಲಿ ಜಾಗ ಬಿಟ್ಟಿದ್ದೀರಿ ಎನ್ನುವುದರಲ್ಲೇ ಅರ್ಥ ಇದೆ. ನಾಲ್ಕು ಸ್ಪೇಸ್ ಒಳಗೆ ಸರಿದರೆ ಆ ಸಾಲು ಮೇಲಿನದರ ಸಂಸಾರಕ್ಕೆ ಸೇರಿತು, ಆಚೆ ಬಂದರೆ ಬೇರೆ ಮನೆ ಮಾಡಿತು. ಮಾತಿಗಿಂತ ಮಾತಿಲ್ಲದ ಜಾಗಕ್ಕೇ ಬೆಲೆ. ಮದುವೆಯಾಗಿ ಇಷ್ಟು ವರ್ಷವಾದವನಿಗೆ ಇದು ಚೂರಾದರೂ ಗೊತ್ತಿರಬೇಕಿತ್ತು ಎಂದು ನೀವೆನ್ನಬಹುದು. ಹೆಂಡತಿಯೂ ಅದನ್ನೇ ಎಂದಳು.

ಆಮೇಲೆ ಎಣಿಕೆ. ಪೈಥಾನಿನ ಪಟ್ಟಿಯಲ್ಲಿ ಮೊದಲನೆಯದರ ನಂಬರು ಸೊನ್ನೆ. ಎರಡನೆಯದು ಒಂದು. ಇದನ್ನು ಮೈಗೂಡಿಸಿಕೊಳ್ಳಲೆಂದು ಎಲ್ಲವನ್ನೂ ಸೊನ್ನೆಯಿಂದ ಎಣಿಸುವ ವ್ರತ ಹಿಡಿದೆ. ಅದೇ ವಾರ ಹೆಂಡತಿ ಸೊಪ್ಪಿಗೆಂದು ಕೆಳಗೆ ಹೋಗುತ್ತ, “ರೀ, ಕುಕ್ಕರ್ ಮೂರು ವಿಷಲ್ ಆದಮೇಲೆ ಆಫ್ ಮಾಡಿ” ಎಂದಳು. ಮೊದಲ ವಿಷಲ್ಲಿಗೆ ನಾನು ಸೊನ್ನೆ ಎಂದೆ. ಆಮೇಲೆ ಒಂದು. ಆಮೇಲೆ ಎರಡು. ಮೂರು ಎನ್ನುವಷ್ಟರಲ್ಲಿ ಬೇಳೆ ತನ್ನ ಆಕಾರ ಕಳೆದುಕೊಂಡು ಮುಚ್ಚಳದ ಸುತ್ತ ಹಳದಿ ನೊರೆಯಾಗಿ ಇಳಿದು, ಸ್ಟವ್ವಿನ ಬರ್ನರಿನೊಳಗೆ ಹೋಗಿ ಕೂತಿತ್ತು. ಬಂದವಳು ಕುಕ್ಕರನ್ನು ನೋಡಿದಳು. ನನ್ನನ್ನು ನೋಡಿದಳು. ಸ್ಕ್ರಬ್ಬರನ್ನು ಕೈಗೆ ಕೊಟ್ಟಳು. ಬರ್ನರ್ ತಿಕ್ಕುವಾಗ ನನಗೆ ಹೊಳೆಯಿತು: ಪೈಥಾನಿನಲ್ಲೂ ಮೂರು ಸಲ ಎಂದರೆ ಸೊನ್ನೆ, ಒಂದು, ಎರಡಕ್ಕೇ ನಿಲ್ಲಬೇಕು. ನಾನು ಪೈಥಾನನ್ನೂ ತಪ್ಪಾಗಿ ಕಲಿತಿದ್ದೆ, ಅಡುಗೆಯನ್ನೂ.

ಜುಲೈ ಎರಡನೇ ವಾರ. ಸಂಜೆ ಆರೂವರೆ, ಮಳೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ಬಿತ್ತು. ಬೇಸ್‌ಮೆಂಟಿನ ಮೂಲೆ, ಪಂಪ್ ರೂಮಿನ ಪಕ್ಕ, ಸುಮಾರು ಎರಡಡಿಯ ಒಂದು ಹಾವು, ಕಂದು ಮೈ, ಮೇಲೆ ದೊಡ್ಡ ದೊಡ್ಡ ಮಚ್ಚೆ. ನಮ್ಮ ಕಾಂಪೌಂಡಿನಾಚೆ ಮೊನ್ನೆಮೊನ್ನೆಯವರೆಗೂ ಪೊದೆ ಬೆಳೆದ ಖಾಲಿ ಸೈಟಿತ್ತು, ಅದಕ್ಕೆ ಜೆಸಿಬಿ ಬಂದು ಹದಿನೈದು ದಿನವಾಗಿತ್ತು. ಹಾವಾದರೂ ಎಲ್ಲಿಗೆ ಹೋಗಬೇಕು. ಫೋಟೊದ ಕೆಳಗೆ ಯಾರೋ ‘ಪೈಥಾನ್??’ ಎಂದು ಹಾಕಿದ್ದರು. ಇನ್ಯಾರೋ, ‘ಐದನೇ ಮಹಡಿಯ ಸರ್ ಪೈಥಾನ್ ಕಲಿತಿದ್ದಾರಂತೆ, ಅವರನ್ನು ಕರೆಯಿರಿ’ ಎಂದು ಬರೆದರು. ಲಿಫ್ಟಿನ ಹೆಂಗಸೇ ಇರಬೇಕು.

ಹೋಗಬಾರದಿತ್ತು. ಆದರೆ ಆ ವಾರದಲ್ಲಿ ನನ್ನನ್ನು ಯಾರಾದರೂ ‘ಗೊತ್ತಿರುವವನು’ ಎಂದದ್ದು ಅದೊಂದೇ ಸಲ. ಕಸದ ಮೊರ ಹಿಡಿದು ಇಳಿದೆ. ಅಲ್ಲಿ ಹತ್ತು ಹದಿನೈದು ಜನ, ಇಬ್ಬರು ಸೆಕ್ಯೂರಿಟಿಯವರು, ಮಳೆಗೆ ಬೇಸ್‌ಮೆಂಟಿನಲ್ಲೇ ವಾಕಿಂಗ್ ಮಾಡುತ್ತಿದ್ದ ನಮ್ಮಮ್ಮ ದೂರದ ತುದಿಯಲ್ಲಿ. ಗುಂಪಿನ ಮುಂದೆ ನಿಂತು, “ಭಯ ಬೇಡ, ಇದು ಹೆಬ್ಬಾವಿನ ಮರಿ, ವಿಷ ಇಲ್ಲ” ಎಂದು ಘೋಷಿಸಿದೆ. ಅಷ್ಟಕ್ಕೇ ನಿಲ್ಲಿಸದೆ 1803ನ್ನೂ ಹೇಳಿದೆ. ಪೂಥೈನ್ ಎಂದರೆ ಕೊಳೆಯುವುದು ಎಂದು ಹೇಳುತ್ತ ಎರಡು ಹೆಜ್ಜೆ ಮುಂದೆ ಹೋಗಿ ಬಗ್ಗಿ ಮೊರ ಚಾಚಿದೆ.

ಆಗ ಎಲ್ಲೋ ಕುಕ್ಕರ್ ಕೂಗುವ ಮುಂಚೆ ಬರುವ ಆ ‘ಸ್ಸ್ಸ್ಸ್’ ಕೇಳಿಸಿತು. ಗ್ರೌಂಡ್ ಫ್ಲೋರಿನಲ್ಲಿ ಯಾರೋ ಬೇಳೆಗೆ ಇಟ್ಟಿದ್ದಾರೆ ಎಂದುಕೊಂಡೆ. ನನ್ನ ಮನಸ್ಸು ತಾನಾಗಿಯೇ ‘ಸೊನ್ನೆ’ ಎಂದಿತು.

“ಹಿಂದೆ ಬಾರೋ!” ಬೇಸ್‌ಮೆಂಟಿನ ಆ ತುದಿಯಿಂದ ಅಮ್ಮನ ಕೂಗು. “ಎಂತ ಹೆಬ್ಬಾವೋ ನಿಂದು! ಕೊಳಕುಮಂಡಲ ಅದು!”

ಇನ್ನೊಂದು ‘ಸ್ಸ್ಸ್ಸ್’. ಈ ಸಲ ಯಾವ ಫ್ಲೋರಿನದೆಂದು ಗೊತ್ತಾಯಿತು. ನಾನು ಹಿಂದಕ್ಕೆ ಹಾರಿದ್ದನ್ನು ಸಿಸಿಟಿವಿ ಹಿಡಿದಿದೆ. ಮೊರ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ, ನಾನು ಯಾರದೋ ಕಾರಿನ ಬಾನೆಟ್ಟಿನ ಮೇಲೆ. ವಿಷಲ್ ಎಂಬ ಪದದಲ್ಲೇ ವಿಷ ಇದೆ ಎಂಬ ಧಾತುಶೋಧನೆ ಆ ಬಾನೆಟ್ಟಿನ ಮೇಲೆ ನನಗಾಯಿತು.

ಸೆಕ್ಯೂರಿಟಿಯವರು ಫೋನ್ ಮಾಡಿ ಅರ್ಧ ಗಂಟೆಗೆ ಒಬ್ಬ ಹುಡುಗ ಬೈಕಿನಲ್ಲಿ ಬಂದ. ರೇನ್‌ಕೋಟಿನ ಕೆಳಗೆ ಕೊರಳಲ್ಲಿ ಯಾವುದೋ ಕಂಪನಿಯ ಐಡಿ ಕಾರ್ಡು ಹಾಗೇ ಇತ್ತು. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಕೊಕ್ಕೆಯ ಕೋಲು. ಹಗಲು ಆಫೀಸು, ಸಂಜೆ ಹಾವು ಹಿಡಿದು ಬಿಡುವ ಸೇವೆ. ಕೊಕ್ಕೆಯಿಂದ ಮೆಲ್ಲಗೆ ಎತ್ತಿ, ಪೈಪಿನ ಬಾಯಿಗೆ ಕಟ್ಟಿದ ಚೀಲದೊಳಗೆ ಅದು ತಾನಾಗಿಯೇ ಸರಿದು ಹೋಗುವಂತೆ ಮಾಡಿದ. ಚೀಲ ಗಂಟು ಹಾಕಿದ ಮೇಲೆಯೇ ಅವನು ಮಾತಾಡಿದ್ದು. ಈ ಎರಡನ್ನು ಬಹಳ ಜನ ಅದಲುಬದಲು ಮಾಡಿಕೊಳ್ಳುತ್ತಾರಂತೆ. ಕೊಳಕುಮಂಡಲದ ಮಚ್ಚೆ ಸರಪಳಿಯ ಕೊಂಡಿಗಳ ಹಾಗೆ ಸಾಲಾಗಿ, ಅಚ್ಚು ಒತ್ತಿದಂತೆ ಇರುತ್ತದೆ. ಹೆಬ್ಬಾವಿನದು ಹರಿದ ಕಂಬಳಿಯ ತೇಪೆಯ ಹಾಗೆ, ಅಂಕುಡೊಂಕು. ಮರಿಯೆಂದು ಸಸಾರ ಮಾಡುವ ಹಾಗೂ ಇಲ್ಲ, ಕೊಳಕುಮಂಡಲದ ಮರಿ ಹುಟ್ಟುವಾಗಲೇ ವಿಷ ತುಂಬಿಕೊಂಡಿರುತ್ತದೆ. ಮೊಟ್ಟೆಯಲ್ಲ, ನೇರ ಮರಿಯನ್ನೇ ಹಾಕುವ ಜಾತಿ, ಒಂದು ಸಲಕ್ಕೆ ಇಪ್ಪತ್ತು ಮೂವತ್ತು. “ಹಾಗಾಗಿ ಇನ್ನೂ ಇರಬಹುದು ಸರ್, ನೋಡ್ಕೊಳಿ” ಎಂದು ಅವನು ಹೇಳಿದ್ದನ್ನು ಸೆಕ್ರೆಟರಿ ವಾಟ್ಸಾಪಿಗೆ 3 ಸಲ ಹಾಕಿದರು.

ಮೇಲೆ ಬಂದು ಅಮ್ಮನ ಹತ್ತಿರ, ದೂರದಿಂದಲೇ ಹೇಗೆ ಗೊತ್ತಾಯಿತು ಎಂದು ಕೇಳಿದೆ. “ತೋಟದಲ್ಲಿ ಐವತ್ತು ವರ್ಷ ಎಂತ ಮಾಡಿದ್ದು ನಾನು? ಆ ಸದ್ದು ಕೇಳಿದ್ರೆ ಸಾಕು. ಅದು ಮುಟ್ಟಿದ ಜಾಗ ಕೊಳೆತು ಹೋಗುತ್ತೆ, ಅದಕ್ಕೇ ಕೊಳಕುಮಂಡಲ.” ನಾನು ಸುಮ್ಮನೆ ಕೂತೆ. ಗ್ರೀಕರು ಕೊಳೆಯುವುದರಿಂದ ಕಟ್ಟಿದ ಹೆಸರು ಹೋಗಿ ಹೆಬ್ಬಾವಿಗೆ ಅಂಟಿತು. ನಮ್ಮವರು ಕೊಳೆಯುವುದರಿಂದಲೇ ಹೆಸರು ಕಟ್ಟಿ ಸರಿಯಾದ ಹಾವಿಗೆ ಕೊಟ್ಟರು. ಪೂಥೈನ್ ಎನ್ನುತ್ತ ನಾನು ಮೊರ ಚಾಚಿದ್ದು ಅರ್ಥದ ದೃಷ್ಟಿಯಿಂದ ಸರಿಯಾದ ಪ್ರಾಣಿಗೇ. ಇದನ್ನು ಹೆಂಡತಿಗೆ ಹೇಳೋಣ ಎಂದು ಬಾಯಿ ತೆರೆದೆ. ಅವಳ ಮುಖ ನೋಡಿ ಸೆಮಿಕೋಲನ್ ಹಾಕಿ ಮುಚ್ಚಿದೆ.

ಅದಾಗಿ ಹತ್ತು ದಿನ. ಕೋರ್ಸಿನ ಕೊನೆಗೆ ಒಂದು ಪ್ರಾಜೆಕ್ಟ್ ಮಾಡಿ ಒಪ್ಪಿಸಬೇಕಿತ್ತು. ನಾನು ಪೀಣ್ಯದ ಆ ಹಳೇ ಡೆಲ್ಫಿ ಸ್ಟೋರ್ ಲೆಕ್ಕವನ್ನೇ ಪೈಥಾನಿಗೆ ಬರೆದೆ. ಹಳೆಯದನ್ನು ನಾನೇ ಬಾಣ ಬಿಟ್ಟು ಕೊಂದರೆ ಕುಕ್ಕೆಗೂ ನಾನೇ ಹೋದರಾಯಿತು ಎಂಬ ಧೈರ್ಯ. ಸಾಲುಗಳೆಲ್ಲ ನೆಟ್ಟಗೆ ಕಾಣುತ್ತಿದ್ದವು, ಕೆಂಪಕ್ಷರದ ದೂರು ಒಂದೂ ಇಲ್ಲ, ಲೆಕ್ಕ ಮಾತ್ರ ತಪ್ಪು. ಆರುನೂರು ಡಬ್ಬಗಳ ಪಟ್ಟಿ ಕೊಟ್ಟು ಒಟ್ಟು ಎಷ್ಟು ಎಂದರೆ, 48 ಎನ್ನುತ್ತಿತ್ತು. ಇಡೀ ಕಾರ್ಖಾನೆಯಲ್ಲಿ ನಲವತ್ತೆಂಟು ಬೋಲ್ಟು! ಮಗಳು ಟ್ಯೂಷನ್ ಪರೀಕ್ಷೆಗೆಂದು ಬಾಗಿಲು ಹಾಕಿಕೊಂಡಿದ್ದಳು. ಊಟ ಮುಗಿಸಿ ಕೂತವನು ಹತ್ತೂವರೆಯಾದರೂ ಎದ್ದಿರಲಿಲ್ಲ.

ಆಗ ಇಂಟರ್‌ಕಾಮ್ ಹೊಡೆಯಿತು. ಮೇಂಟೆನೆನ್ಸ್ ದುಡ್ಡಿನ ವಿಷಯಕ್ಕೆ ಸೆಕ್ರೆಟರಿ. ಅಮ್ಮ ಎತ್ತಿದಳು. “ಅವನಾ? ರೂಮಲ್ಲಿ ಹುಳ ಹುಡುಕ್ತಾ ಕೂತಿದಾನೆ. ಎರಡು ಗಂಟೆ ಆಯ್ತು, ಸಿಕ್ಕಿಲ್ಲ. ಒಂದೇ ಇದೆಯೋ ಇನ್ನೂ ಇದೆಯೋ ಗೊತ್ತಿಲ್ಲ ಅಂತಾನೆ.” ಬಗ್ ಎಂದರೇನು ಎಂದು ಊಟದ ಹೊತ್ತಿನಲ್ಲಿ ಅವಳಿಗೆ ಕನ್ನಡದಲ್ಲಿ ವಿವರಿಸಿದ್ದವನು ನಾನೇ.

ಇಪ್ಪತ್ತೈದು ನಿಮಿಷಕ್ಕೆ ಕಾಲಿಂಗ್ ಬೆಲ್ ಆಯಿತು. ಹೆಂಡತಿ ಬಾಗಿಲು ತೆಗೆದಳು. ಸೆಕ್ರೆಟರಿ, ಅವರ ಹಿಂದೆ ಟಾರ್ಚು ಹಿಡಿದ ಸೆಕ್ಯೂರಿಟಿ, ಮೆಟ್ಟಿಲ ಮೇಲೆ ಲಿಫ್ಟಿನ ಹೆಂಗಸು, ಎಲ್ಲರ ಮುಂದೆ ರೇನ್‌ಕೋಟಿನಿಂದ ನೀರು ಸೋರಿಸುತ್ತ ಅದೇ ಹುಡುಗ, ಕೊಕ್ಕೆ, ಚೀಲ.

“ಎಲ್ಲಿದೆ ಸರ್?”

ಏನು ಹೇಳುವುದು. ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದೆ. ಅವನು ಮೊದಲು ಮೇಜಿನ ಕೆಳಗೆ ಟಾರ್ಚು ಬಿಟ್ಟ. ಕುರ್ಚಿಯ ಹಿಂದೆ ನೋಡಿದ. ಆಮೇಲೆ ಪರದೆ ನೋಡಿದ. ಕೊಕ್ಕೆಯನ್ನು ಗೋಡೆಗೊರಗಿಸಿ, ಕೈ ಒರೆಸಿಕೊಂಡು, ಬಗ್ಗಿ ಓದಿದ. ರೇನ್‌ಕೋಟಿನಿಂದ ನನ್ನ ಕೀಬೋರ್ಡಿನ ಮೇಲೆ ಎರಡು ಹನಿ ಬಿದ್ದವು.

“ಸರ್, ನಲವತ್ತೊಂದನೇ ಸಾಲು. ಒಟ್ಟು ಹೇಳಿ ವಾಪಸ್ ಬರೋ ಸಾಲು ಲೂಪಿನೊಳಗೆ ಸೇರ್ಕೊಂಡಿದೆ. ಮೊದಲನೇ ಡಬ್ಬ ಎಣಿಸಿದ ತಕ್ಷಣ ವಾಪಸ್ ಬಂದ್ಬಿಡ್ತಿದೆ. ನಾಲ್ಕು ಸ್ಪೇಸ್ ಆಚೆ ಎಳೀರಿ.”

ಎಳೆದೆ.

“ಸಿಕ್ತನಾ?” ಎಂದಳು ಅಮ್ಮ, ಸೋಫಾದ ಮೇಲೆ ಕಾಲು ಎತ್ತಿಟ್ಟುಕೊಂಡೇ.

“ಸಿಕ್ತು ಅಜ್ಜಿ” ಎಂದ ಹುಡುಗ, ಕೊಕ್ಕೆ ತೆಗೆದುಕೊಳ್ಳುತ್ತ. “ಮರಿ ಅಷ್ಟೆ.”